ಹಡಗಿನ ಚೀಟಿ ಯಾರ ಕೈಯಲ್ಲಿ?

ಅಕ್ಕಲಕೋಟೆ ತಾಲೂಕಿನ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ 34 ವರ್ಷ ಪಾಠ ಹೇಳಿ ನಿವೃತ್ತರಾದ ಗುರುಗಳೊಬ್ಬರು ಸಮುದ್ರವನ್ನು ನೂರಾರು ಸಲ ಬಣ್ಣಿಸಿದ್ದರು. ಒಮ್ಮೆಯೂ ಅದರ ಮೇಲೆ ಸಾಗಿರಲಿಲ್ಲ. ನಾಲ್ಕನೆಯ ಇಯತ್ತೆಯ ಮಕ್ಕಳಿಗೆ ಬಂದರು ಎಂದರೇನು, ದೀಪಸ್ತಂಭ ಏಕೆ ಬೇಕು, ಉಬ್ಬರವಿಳಿತಗಳು ಹೇಗೆ ಆಗುತ್ತವೆ ಎಂದು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸುವಾಗ, ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, 'ಗುರುಗಳ, ನೀವು ಹಡಗಿನ್ಯಾಗ ಕೂತೀರೇನ್ರಿ?' ಎಂದು ಕೇಳಿದ್ದನಂತೆ. ಗುರುಗಳು ನಕ್ಕು ಪಾಠವನ್ನು ಮುಂದುವರಿಸಿದ್ದರು.

ನಿವೃತ್ತಿಯ ಹಣ ಕೈಗೆ ಬಂದಾಗ ಬಂಧುಗಳೆಲ್ಲ ಕಾಶೀಯಾತ್ರೆಯ ಮಾತನ್ನೆತ್ತಿದರು. ಗುರುಗಳ ಪತ್ನಿಯದು ಬೇರೆಯ ನಿರ್ಧಾರ. ಮದುವೆಯಾದ ಹೊಸದರಲ್ಲಿ ಗಂಡ ಕೊಟ್ಟ ಮಾತೊಂದು ಅವರ ನೆನಪಿನಲ್ಲಿ ಉಳಿದಿತ್ತು. 'ಕಾಶಿ ಎಲ್ಲಿಗೂ ಓಡಿ ಹೋಗೂದಿಲ್ಲ. ನನ್ನ ಮೊಣಕಾಲು ನಿಲ್ಲೂದಿಲ್ಲ. ಮೊದಲ ಸಮುದ್ರ' ಎಂದು ಅವರು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಮುಂಬಯಿಯಿಂದ ಹೊರಟು ಗೋವೆಯನ್ನು ಮುಟ್ಟಿ ಮರಳುವ ವಿಹಾರದ ಹಡಗೊಂದರಲ್ಲಿ ಫೆಬ್ರವರಿಯ ಮೊದಲ ವಾರ ಹೋಗಿ ಬರುವುದೆಂದು ನಿಶ್ಚಯವಾಯಿತು. ಅದು 2025ನೆಯ ಇಸವಿ.

ಹೋಗುವುದು ಸುಲಭವಾಗಿ ನಿಶ್ಚಯವಾಯಿತು. ಚೀಟಿಯನ್ನು ಕೊಳ್ಳುವುದು ಹೇಗೆಂಬುದು ಮಾತ್ರ ಮನೆಯನ್ನು ಎರಡು ಪಕ್ಷಗಳಾಗಿ ಒಡೆಯಿತು. ಪುಣೆಯಲ್ಲಿ ಬ್ಯಾಂಕಿನ ಕೆಲಸದಲ್ಲಿರುವ ಮಗಳು ಹಡಗಿನ ಕಂಪನಿಯ ಜಾಲತಾಣದಲ್ಲಿ ನೇರವಾಗಿಯೇ ಕಾಯ್ದಿರಿಸೋಣ ಎಂದಳು. ಗುರುಗಳು ಸೊಲ್ಲಾಪುರದ ಬಸ್ ನಿಲ್ದಾಣದ ಸಮೀಪ ಪ್ರವಾಸದ ಕಚೇರಿ ಇಟ್ಟಿರುವ ತಮ್ಮ ಹಳೆಯ ಶಿಷ್ಯನ ಮೂಲಕವೇ ಆಗಬೇಕೆಂದರು.

ಮಗಳ ವಾದದಲ್ಲಿ ಲೆಕ್ಕವಿತ್ತು. ಹಡಗಿನ ದರವು ಸಾಮಾನ್ಯವಾಗಿ ಎರಡೂ ಕಡೆ ಒಂದೇ ಇರುತ್ತದೆ. ಏಜೆಂಟನಿಗೆ ದೊರೆಯುವ ಕಮಿಷನ್ ಕಂಪನಿ ಕೊಡುವಂಥದು. ಕೆಲವರು ಅದರ ಮೇಲೆ ತಮ್ಮ ಸೇವಾಶುಲ್ಕವನ್ನೂ ಸೇರಿಸುತ್ತಾರೆ, ಕೆಲವರು ಕಮಿಷನ್ನಿನಲ್ಲೇ ಒಂದು ಪಾಲನ್ನು ಗಿರಾಕಿಗೆ ಬಿಟ್ಟುಕೊಡುತ್ತಾರೆ. ಹತ್ತಾರು ಕೋಣೆಗಳನ್ನು ಮೊದಲೇ ಹಿಡಿದಿಟ್ಟ ದೊಡ್ಡ ಏಜೆಂಟರ ಬಳಿ ದರ ಕಡಿಮೆಯಾಗಿರುವುದೂ ಉಂಟು. ಆದರೆ ಬಸ್ ನಿಲ್ದಾಣದ ಪಕ್ಕದ ಸಣ್ಣ ಕಚೇರಿಗೆ ಆ ಬಲವೆಲ್ಲಿಂದ? 'ದರ ಒಂದೇ ಆದ ಮ್ಯಾಲೆ ಲಗಾಮು ನಮ್ಮ ಕೈಯಾಗ ಇರ್ಲಿ' ಎಂಬುದು ಅವಳ ಮಾತಿನ ಸಾರ.

ಗುರುಗಳ ಉತ್ತರವೂ ಒಂದೇ ಸಾಲಿನದು: 'ಅಂವಾ ನಮ್ಮ ಹುಡುಗ. ಕನ್ನಡದಾಗ ಮಾತಾಡ್ತಾನ.'

ಹಿಂದೆ ಮುಂಬಯಿಯಿಂದ ಕೊಂಕಣದ ಬಂದರುಗಳನ್ನು ಮುಟ್ಟುತ್ತ ಪಣಜಿಗೆ ಸಾಗುತ್ತಿದ್ದ ಹಡಗುಗಳ ಕಾಲದಲ್ಲಿ ಈ ಪ್ರಶ್ನೆಗೆ ಅಷ್ಟು ತೂಕವಿರಲಿಲ್ಲ. ಆಗ ಚೀಟಿ ಎಂದರೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಕ್ಕು. ಇಂದಿನ ವಿಹಾರದ ಹಡಗು ತೇಲುವ ವಸತಿಗೃಹ. ಜಾಹೀರಾತಿನ ದರವು ಒಂದು ಕೋಣೆಯಲ್ಲಿ ಇಬ್ಬರಿರುವರೆಂದು ಎಣಿಸಿ ಒಬ್ಬರಿಗೆ ಹೇಳಿದ್ದು. ಒಬ್ಬರೇ ಹೋದರೆ ಖರ್ಚು ಬಹಳ ಏರುತ್ತದೆ. ಬಂದರಿನ ಶುಲ್ಕ, ಸಿಬ್ಬಂದಿಯ ಸೇವಾಶುಲ್ಕ, ಜಿಎಸ್‌ಟಿ ಇವೆಲ್ಲ ಅನೇಕ ವೇಳೆ ಬೇರೆಯಾಗಿಯೇ ಕೂಡಿಕೊಳ್ಳುತ್ತವೆ. ಕಿಟಕಿಯೇ ಇಲ್ಲದ ಒಳಗೋಣೆಗೆ ಒಂದು ದರ, ಸಮುದ್ರ ಕಾಣುವ ಕೋಣೆಗೆ ಮತ್ತೊಂದು, ಬಾಲ್ಕನಿಯದಕ್ಕೆ ಇನ್ನೊಂದು. ರದ್ದು ಮಾಡಿದರೆ ಹೊರಡುವ ದಿನ ಹತ್ತಿರವಾದಂತೆ ಕಡಿತ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಚೀಟಿಯ ಹೆಸರಿನಲ್ಲಿ ಮನುಷ್ಯನು ಕೊಳ್ಳುವುದು ಒಂದು ದೀರ್ಘವಾದ ಕರಾರನ್ನು.

ನವೆಂಬರಿನಲ್ಲಿ ಗಂಡಹೆಂಡತಿ ಸೊಲ್ಲಾಪುರಕ್ಕೆ ಹೋದರು. ಶಿಷ್ಯನು ಕುರ್ಚಿಯಿಂದೆದ್ದು ಕಾಲಿಗೆರಗಿದ. ಚಹಾ ತರಿಸಿದ. ಜಾಲತಾಣ ಕೇಳದ ಪ್ರಶ್ನೆಗಳನ್ನು ಕೇಳಿದ. ಅಮ್ಮನವರಿಗೆ ಮೆಟ್ಟಿಲು ಹತ್ತುವುದು ಆಗುತ್ತದೆಯೇ? ಹಾಗಾದರೆ ಲಿಫ್ಟಿನ ಹತ್ತಿರದ ಕೋಣೆ ಬೇಕು. ಬಸ್ಸಿನಲ್ಲಿ ವಾಂತಿಯಾಗುತ್ತದೆಯೇ? ಹಾಗಾದರೆ ಹಡಗಿನ ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ಇರಲಿ. ಅಲ್ಲಿ ಓಲಾಟ ಕಡಿಮೆ. ಮೇಲಿನ ಮಂಚ ಬೇಡ, ಎರಡೂ ನೆಲದ ಮಂಚಗಳೇ ಆಗಲಿ. ಗುರುಮಾತೆ ಮನೆಗೆ ಬಂದು ಮಗಳಿಗೆ ಫೋನಿನಲ್ಲಿ, 'ನಿನ್ನ ಕಂಪ್ಯೂಟರ ನನ್ನ ಮೊಣಕಾಲ ವಿಚಾರಿಸ್ತಿತ್ತೇನವಾ?' ಎಂದು ಕೇಳಿದರು. ಮಗಳಲ್ಲಿ ಉತ್ತರವಿರಲಿಲ್ಲ.

ಪೂರ್ತಿ ಹಣವನ್ನು ಅಂದೇ ಕೊಟ್ಟರು. ಶಿಷ್ಯನು ತನ್ನ ಕಚೇರಿಯ ಮುದ್ರೆಯಿದ್ದ ರಸೀದಿಯನ್ನು ಬರೆದುಕೊಟ್ಟ. ಮುಂದೆ ಬಂದ ಅಚ್ಚಿನ ಹಾಳೆಯ ಕೆಳಗೆ, ಕರಾರಿನ ಎಲ್ಲ ಷರತ್ತುಗಳನ್ನು ಓದಿ ಒಪ್ಪಿದ್ದೇನೆ ಎಂಬ ಅರ್ಥದ ಇಂಗ್ಲಿಷ್ ಸಾಲಿನ ಮುಂದೆ, ಗುರುಗಳು ತಮ್ಮ ದುಂಡನೆಯ ಕನ್ನಡ ಅಕ್ಷರಗಳಲ್ಲಿ ರುಜು ಹಾಕಿದರು.

ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆಂದು ಮಗಳು ಊರಿಗೆ ಬಂದಳು. ಜಾತ್ರೆಯ ಮರುದಿನ ಆ ಕಾಗದಗಳನ್ನು ತೆರೆದು ನೋಡಿದಳು. ಕಚೇರಿಯ ರಸೀದಿಯಿತ್ತು, ಕಂಪನಿಯ ಬುಕಿಂಗ್ ಸಂಖ್ಯೆಯ ಹಾಳೆಯೂ ಇತ್ತು. ಆದರೆ ಆ ಹಾಳೆಯಲ್ಲಿದ್ದ ಹೆಸರು ಅಪ್ಪನ ಆಧಾರ್ ಕಾರ್ಡಿನಲ್ಲಿದ್ದ ಹೆಸರಾಗಿರಲಿಲ್ಲ.

ಗಡಿಯಾಚೆಯ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಸೊಲ್ಲಾಪುರದ ಸೀಮೆಯಲ್ಲಿ ಹುಟ್ಟಿದ ಅನೇಕರಂತೆ ಗುರುಗಳಿಗೂ ಆ ಊರಿನ ಶಿವಯೋಗಿಯ ಹೆಸರನ್ನೇ ಇಟ್ಟಿದ್ದರು. ಕನ್ನಡ ಶಾಲೆಯ ಹಾಜರಿಪುಸ್ತಕದಲ್ಲಿ ಆ ಹೆಸರಿನ ಕೊನೆಗೆ 'ಅಪ್ಪ' ಎಂಬ ಗೌರವವಿತ್ತು, ಮುಂದೆ ಊರಿನ ಹೆಸರಿನ ಮೊದಲಕ್ಷರವಿತ್ತು. ಮರಾಠಿಯ ದಾಖಲೆಗಳಲ್ಲಿ 'ಅಪ್ಪ' ಉದುರಿಹೋಗಿ, ಒತ್ತಕ್ಷರವೊಂದು ಸವೆದು, ನಡುವೆ ತಂದೆಯ ಹೆಸರೂ ಕೊನೆಗೆ ಅಡ್ಡಹೆಸರೂ ಸೇರಿಕೊಂಡಿದ್ದವು. ಶಿಷ್ಯನು ಕಾರ್ಡನ್ನು ನೋಡಿರಲಿಲ್ಲ. ಗುರುಗಳ ಹೆಸರನ್ನು ತಿಳಿಯಲು ಕಾರ್ಡು ಏಕೆ ಬೇಕು? ಬಾಲ್ಯದಿಂದ ಬಾಯಲ್ಲಿದ್ದ ಹೆಸರನ್ನೇ ಭಕ್ತಿಯಿಂದ ಬೆರಳಚ್ಚು ಮಾಡಿದ್ದ.

ಗುರುತಿನ ಚೀಟಿಯಲ್ಲಿರುವಂತೆಯೇ ಹೆಸರು ಇರದಿದ್ದರೆ ಹಡಗು ಹತ್ತಗೊಡುವುದಿಲ್ಲ ಎಂದು ಷರತ್ತಿನಲ್ಲಿ ಬರೆದಿತ್ತು. ತಿದ್ದುಪಡಿಗೆ ಇನ್ನು ಕೆಲವೇ ದಿನಗಳ ಅವಕಾಶವಿತ್ತು. ಅದು ಮೀರಿದರೆ ರದ್ದು ಮಾಡಿ ಹೊಸದಾಗಿ ಕೊಳ್ಳಬೇಕು. ಕೊಟ್ಟ ಹಣದ ಹೆಚ್ಚಿನ ಭಾಗ ಹೋದಂತೆಯೇ.

ಮಗಳು ಕಂಪನಿಗೆ ಫೋನು ಮಾಡಿದಳು. ಆ ಕಡೆಯ ದನಿ ವಿನಯದಿಂದಲೇ ಹೇಳಿತು: ಈ ಕಾಯ್ದಿರಿಸುವಿಕೆ ಏಜೆಂಟರ ಖಾತೆಯಲ್ಲಿದೆ, ಇದರಲ್ಲಿ ಅಕ್ಷರ ಬದಲಿಸುವ ಅಧಿಕಾರ ಅವರಿಗೆ ಮಾತ್ರ. ನೇರವಾಗಿ ಕೊಂಡಿದ್ದರೆ ಅವಳೇ ತಿದ್ದಿಸಬಹುದಾಗಿತ್ತು. ಶಿಷ್ಯನಿಗೆ ಫೋನು ಮಾಡಿದರೆ ಗಂಟೆ ಹೋಗಲಿಲ್ಲ. ಅವನು 40 ಜನ ಯಾತ್ರಿಕರನ್ನು ಕರೆದುಕೊಂಡು ಪ್ರಯಾಗರಾಜದ ಮಹಾಕುಂಭಕ್ಕೆ ಹೋಗಿದ್ದ. ಕಚೇರಿಯಲ್ಲಿದ್ದ ಹುಡುಗನಿಗೆ ಪಾಸ್‌ವರ್ಡ್ ಗೊತ್ತಿರಲಿಲ್ಲ.

ಆ ಎರಡು ದಿನ ಮನೆಯಲ್ಲಿ ಎದ್ದ ಪ್ರಶ್ನೆಯನ್ನು ಎಂದೋ ಕೇಳಬೇಕಾಗಿತ್ತು. ಏಜೆಂಟ್ ಎಂದರೆ ಯಾರ ಏಜೆಂಟ್?

1872ರ ಭಾರತೀಯ ಕರಾರು ಕಾಯಿದೆಯ 182ನೆಯ ಕಲಮಿನ ಪ್ರಕಾರ, ಇನ್ನೊಬ್ಬರ ಪರವಾಗಿ ಕೆಲಸ ಮಾಡಲು ಅಥವಾ ಮೂರನೆಯವರೊಡನೆ ವ್ಯವಹರಿಸುವಾಗ ಅವರನ್ನು ಪ್ರತಿನಿಧಿಸಲು ನೇಮಕಗೊಂಡವನೇ ಏಜೆಂಟ್. ಅವನು ತಕ್ಕ ಜಾಗರೂಕತೆಯಿಂದ ನಡೆಯಬೇಕು. ಅವನ ಅಲಕ್ಷ್ಯದಿಂದ ನೇರವಾಗಿ ಆದ ನಷ್ಟವನ್ನು ಅವನು ತನ್ನ ಧಣಿಗೆ ತುಂಬಿಕೊಡಬೇಕು ಎನ್ನುತ್ತದೆ 212ನೆಯ ಕಲಮು. ಬೇರೆ ಒಪ್ಪಂದವಿರದಿದ್ದರೆ, ಧಣಿಯ ಪರವಾಗಿ ಮಾಡಿಕೊಂಡ ಕರಾರಿಗೆ ಏಜೆಂಟನು ಸ್ವತಃ ಕಟ್ಟುಬೀಳುವುದಿಲ್ಲ ಎನ್ನುತ್ತದೆ 230ನೆಯ ಕಲಮು. ಇಲ್ಲಿ ಧಣಿ ಯಾರು? ಕಮಿಷನ್ ಕೊಡುವ ಕಂಪನಿಯೋ, ಹಣ ಕೊಟ್ಟ ಗುರುಗಳೋ? ಕಂಪನಿಯ ಷರತ್ತುಗಳಲ್ಲಿ ಏಜೆಂಟನು ಪ್ರಯಾಣಿಕನ ಪ್ರತಿನಿಧಿ ಎಂದಿತ್ತು. ಶಿಷ್ಯನ ರಸೀದಿಯ ಬೆನ್ನಿಗೆ, ನಾವು ಮಧ್ಯವರ್ತಿಗಳು ಮಾತ್ರ, ಹೊಣೆಯೆಲ್ಲ ಕಂಪನಿಯದು ಎಂದು ಅಚ್ಚಾಗಿತ್ತು. ಎರಡು ಕಾಗದಗಳೂ ಒಂದರತ್ತ ಒಂದು ಬೆರಳು ತೋರಿಸಿ ನಿಂತಿದ್ದವು. ನಡುವೆ ಇದ್ದದ್ದು ಗುರುಗಳ ಕನ್ನಡ ರುಜು.

ಕಾನೂನು ಕೈಬಿಟ್ಟಿದೆ ಎಂದಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ಏಜೆಂಟ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ ದೂರು ಕೊಡಬಹುದು. ಹಿಂದಿನ 1986ರ ಕಾಯಿದೆಯಲ್ಲಿ ಇರದಿದ್ದ ಒಂದು ಅನುಕೂಲ ಇದರಲ್ಲಿದೆ: ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಮುಂಬಯಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷಗಳ ಅವಧಿಯಿದೆ. 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಇದೆಲ್ಲವನ್ನೂ ಮಗಳು ಓದಿ ಹೇಳಿದಳು. ಗುರುಗಳು ಕೇಳಿಸಿಕೊಂಡು, 'ನಾ ಕೈ ಹಿಡಿದು ಅಕ್ಷರ ತಿದ್ದಿಸಿದ ಹುಡುಗನ ಮ್ಯಾಲೆ ದೂರು ಕೊಡ್ಲೇನು?' ಎಂದಷ್ಟೇ ಅಂದು ಅಂಗಳಕ್ಕೆ ಹೋದರು.

ಅಂದು ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಹೆಂಡತಿ ಎದ್ದು ಬಂದು ಪಕ್ಕದಲ್ಲಿ ಕುಳಿತಾಗ ಅವರು ಮಗಳೆದುರು ಆಡಲಾರದ ಮಾತನ್ನು ಆಡಿದರು. ಶಿಷ್ಯನನ್ನು ಆರಿಸಿಕೊಂಡದ್ದು ಬರಿಯ ವಾತ್ಸಲ್ಯದಿಂದಲ್ಲ. ಜಾಲತಾಣದ ಇಪ್ಪತ್ತು ಪುಟಗಳ ಇಂಗ್ಲಿಷನ್ನು ಮಗಳ ಎದುರು ಓದಲಾಗದೆ ತಡವರಿಸುವುದು ಅವರಿಗೆ ಬೇಡವಾಗಿತ್ತು. ಊರ ಮಕ್ಕಳಿಗೆಲ್ಲ ಓದಲು ಕಲಿಸಿದವನು ತಾನೇ ಓದದ ಕಾಗದಕ್ಕೆ, ಓದಿದ್ದೇನೆ ಎಂದು ರುಜು ಹಾಕಿದ್ದ. ತನಗೆ ತಿಳಿಯದು ಎಂಬುದನ್ನು ಮುಚ್ಚಿಡಲು ನಂಬಿಕೆ ಎಂಬ ದೊಡ್ಡ ಶಬ್ದವನ್ನು ಹೊದಿಸಿದ್ದ. ಹೆಂಡತಿ ಬಹಳ ಹೊತ್ತು ಸುಮ್ಮನಿದ್ದು, 'ಕೇಳಿದ್ರ ಆಕಿ ಓದಿ ಹೇಳ್ತಿದ್ಲು' ಎಂದರು.

ಮೂರನೆಯ ದಿನ ಬೆಳಗಿನ ಜಾವ ಶಿಷ್ಯನ ಫೋನು ಬಂತು. ಜನಸಂದಣಿಯಿಂದ ಹೊರಗೆ ಬಂದ ಮೇಲೆ ಸಂದೇಶಗಳೆಲ್ಲ ಒಮ್ಮೆಲೇ ಅವನನ್ನು ಮುಟ್ಟಿದ್ದವು. ಆಧಾರ್ ಕಾರ್ಡಿನ ಚಿತ್ರವನ್ನು ತರಿಸಿಕೊಂಡು, ಅಕ್ಷರ ಅಕ್ಷರವಾಗಿ ಗಟ್ಟಿಯಾಗಿ ಓದಿ ಹೇಳಿ, ತನ್ನ ಫೋನಿನಿಂದಲೇ ಹೆಸರನ್ನು ತಿದ್ದಿಸಿದ. ತಿದ್ದುಪಡಿಯ ಶುಲ್ಕವನ್ನು ಗುರುಗಳಿಂದ ತೆಗೆದುಕೊಳ್ಳಲಿಲ್ಲ. ಕೊನೆಗೆ, 'ತಪ್ಪಾತ್ರಿ ಗುರುಗಳ' ಎಂದ. ಗುರುಗಳು, 'ಇಬ್ಬರದೂ' ಎಂದರು.

ಫೆಬ್ರವರಿಯಲ್ಲಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟ ದಂಪತಿಗಳು ಬೆಳಗಾಗುವ ಹೊತ್ತಿಗೆ ಮುಂಬಯಿಯ ದೊಡ್ಡ ನಿಲ್ದಾಣದಲ್ಲಿಳಿದು, ಅಲ್ಲಿಂದ ಸಮೀಪದಲ್ಲಿಯೇ ಇರುವ ಬಲ್ಲಾರ್ಡ್ ಪಿಯರ್ ಸೇರಿದರು. ಬಾಗಿಲಲ್ಲಿದ್ದ ಹುಡುಗಿ ಕಾರ್ಡನ್ನೂ ಹಾಳೆಯನ್ನೂ ಒಂದರ ಪಕ್ಕ ಒಂದು ಹಿಡಿದು ನೋಡುವಷ್ಟು ಹೊತ್ತು ಗುರುಗಳು ಉಸಿರು ಬಿಗಿಹಿಡಿದಿದ್ದರು. ಕೋಣೆ ಲಿಫ್ಟಿನಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. ಸಂಜೆ ಮುಂಬಯಿಯ ದೀಪಗಳು ಹಿಂದೆ ಸರಿಯುವಾಗ ಗುರುಮಾತೆ ಕಟಕಟೆಯನ್ನು ಹಿಡಿದು ನಿಂತರು. ಅವರ ಮೊಣಕಾಲು ಎರಡು ತಾಸು ದೂರಲಿಲ್ಲ.

ಊರಿಗೆ ಮರಳಿದ ಮೇಲೆ ಗುರುಗಳು ಮಗಳನ್ನು ಕೂರಿಸಿಕೊಂಡು ಆ ಇಪ್ಪತ್ತು ಪುಟಗಳನ್ನು ಓದಿಸಿದರು. ತಿಳಿಯದಲ್ಲಿ ನಿಲ್ಲಿಸಿ ಕೇಳಿದರು. ನಾಲ್ಕು ರವಿವಾರ ಬೇಕಾದವು. ಅದರ ಸಾರವನ್ನು ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಬರೆದು ಶಿಷ್ಯನ ಕಚೇರಿಗೆ ಒಯ್ದು ಕೊಟ್ಟರು. ಅದೀಗ ಅಲ್ಲಿಯ ಗೋಡೆಯ ಮೇಲೆ, ಕಾಶಿ ವಿಶ್ವನಾಥನ ಚಿತ್ರದ ಕೆಳಗಿದೆ. ಅದರಲ್ಲಿರುವುದು ಐದು ಪ್ರಶ್ನೆಗಳು. ಗುರುತಿನ ಚೀಟಿ ನೋಡಿಯೇ ಹೆಸರು ಬರೆದಿರಾ? ಹಣ ಯಾರ ಖಾತೆಗೆ ಹೋಯಿತು, ಕಂಪನಿಯ ಬುಕಿಂಗ್ ಸಂಖ್ಯೆ ಎಲ್ಲಿ? ದರದಲ್ಲಿ ಯಾವುದು ಸೇರಿದೆ, ಯಾವುದು ಸೇರಿಲ್ಲ? ಯಾವ ತಾರೀಖಿಗೆ ರದ್ದು ಮಾಡಿದರೆ ಎಷ್ಟು ಹೋಗುತ್ತದೆ? ನೀವು ಸಿಗದಿದ್ದರೆ ತಿದ್ದುವವರು ಯಾರು?

ಮೊನ್ನೆ ಜತ್ತದ ಕಡೆಯ ಒಂದು ಕುಟುಂಬ ಗೋವೆಯ ಹಡಗಿಗೆಂದು ಅಲ್ಲಿಗೆ ಬಂದಿತ್ತು. ಕನ್ನಡ ಶಾಲೆಯ ಏಳನೆಯ ಇಯತ್ತೆಯ ಹುಡುಗಿ ಆ ಹಾಳೆಯನ್ನು ಗಟ್ಟಿಯಾಗಿ ಓದಿದಳು. ಅವಳ ಅಪ್ಪ ಐದನೆಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿಸಿ, ಉತ್ತರ ಸಿಗುವ ತನಕ ಜೇಬಿನಿಂದ ಹಣ ತೆಗೆಯಲಿಲ್ಲವಂತೆ. ಶಿಷ್ಯನೇ ಇದನ್ನು ಗುರುಗಳಿಗೆ ಫೋನು ಮಾಡಿ ಹೇಳಿದ.