ಕಿಲ್ಟಿನ ಕೆಂಪು ಗೆರೆ, ಇಳಕಲ್ ಸೀರೆಯ ಕೆಂಪು ಸೆರಗು

ಮದುವೆ ಮನೆಯಲ್ಲಿ ಬಟ್ಟೆಯ ಮಾತು ಬಂದರೆ ಜಗಳ ಗ್ಯಾರಂಟಿ. ಸೀರೆಗೆ ಖಣ ಹೊಂದಲಿಲ್ಲ, ಬೀಗರಿಗೆ ಕೊಟ್ಟ ಧೋತರದ ದಡಿ ಸಣ್ಣದಾಯಿತು, ರುಮಾಲಿನ ಬಣ್ಣ ಮಾಸಿದೆ, ಹೀಗೆ ಒಂದಲ್ಲ ಒಂದು. ಇದು ನಮ್ಮ ಊರಿನ ಗುಣ ಮಾತ್ರ ಅಂದುಕೊಂಡಿದ್ದೆವು. ಸ್ಕಾಟ್‌ಲೆಂಡಿನಲ್ಲೂ ಹಾಗೇ ಅಂತ ಗೊತ್ತಾಗಿದ್ದು ನಮ್ಮ ಅಕ್ಕನ ಮಗನ ಮದುವೆ ಅಲ್ಲಿ ಕೂಡಿಬಂದ ಮೇಲೆ.

ಹುಡುಗ ಅಲ್ಲಿ ಇನ್ವರ್‌ನೆಸ್ ಅನ್ನುವ ಊರಿನಲ್ಲಿ ನೌಕರಿ ಮಾಡುತ್ತಾನೆ. ಹುಡುಗಿ ಅಲ್ಲಿಯವಳೇ. ಅವಳ ತಾಯಿಯ ಕಡೆಯವರು ಮೆಕೆಂಜಿ ಮನೆತನದವರು. ಆ ಮನೆತನದ ಚೌಕಳಿ ಬಟ್ಟೆಯ ಕಿಲ್ಟ್ ಉಟ್ಟುಕೊಂಡು ಅಳಿಯ ಮದುವೆಗೆ ನಿಲ್ಲಲಿ ಅನ್ನುವುದು ಹುಡುಗಿಯ ಅಜ್ಜನ ಆಸೆ. ಹುಡುಗ ಒಪ್ಪಿದ್ದ. ಒಪ್ಪದವರು ಅವನ ಅಪ್ಪ, ಅಂದರೆ ನಮ್ಮ ಭಾವ.

"ನನ್ನ ಮಗ ಲಂಗಾ ಉಟ್ಕೊಂಡು ತಾಳಿ ಕಟ್ತಾನೇನು? ಆ ಫೋಟೋ ಊರಾಗ ಬಂದ್ರ ಮಂದಿ ಮಾರಿಗೇ ನಗ್ತಾರ. ಹಂಗಾದ್ರ ನಾ ಬರೂದಿಲ್ಲ" ಅಂದುಬಿಟ್ಟರು. ಟಿಕೆಟ್ಟು, ವೀಸಾ ಎಲ್ಲ ಆಗಿತ್ತು. ಅಕ್ಕ ಅತ್ತು ಕೂತಳು. ಜಿಲ್ಲೆಯ ಸುದ್ದಿ ಬರೆಯುವವರಲ್ಲವೇ, ನೀವಾದರೂ ಅವರಿಗೆ ತಿಳಿಸಿ ಹೇಳಿ ಅಂತ ಕೆಲಸ ನಮ್ಮ ತಲೆಗೆ ಬಂತು.

ಮೊದಲು ನಾವೇ ತಿಳಿದುಕೊಳ್ಳಬೇಕಿತ್ತು. ಕಿಲ್ಟ್ ಲಂಗ ಅಲ್ಲ. ಪೂರ್ತಿ ಸೈಜಿನ ಒಂದು ಕಿಲ್ಟಿಗೆ ಸುಮಾರು 8 ಗಜ ಉಣ್ಣೆ ಬಟ್ಟೆ ಬೇಕು. ಹಿಂದುಗಡೆ ಒತ್ತೊತ್ತಾಗಿ ನಿರಿಗೆ, ಮುಂದುಗಡೆ ನಿರಿಗೆ ಇಲ್ಲದ ಎರಡು ಸೆರಗು ಒಂದರ ಮೇಲೊಂದು. ಗಂಡಸರ ಉಡುಗೆಯಲ್ಲಿ ಮೇಲಿನ ಸೆರಗಿನ ಅಂಚು ಬಲಕ್ಕೆ ಬರಬೇಕು. ಉದ್ದ ಮೊಣಕಾಲಿನ ಚಿಪ್ಪಿನವರೆಗೆ ಮಾತ್ರ.

ಈ ಬಟ್ಟೆಗೆ ಒಂದು ನೋವಿನ ಕತೆಯೂ ಇದೆ. 1746ರ ಏಪ್ರಿಲ್‌ನಲ್ಲಿ ಇನ್ವರ್‌ನೆಸ್ ಪಕ್ಕದ ಕಲ್ಲೋಡನ್ ಬಯಲಿನಲ್ಲಿ ಬಂಡೆದ್ದವರು ಸೋತರು. ಅದೇ ವರ್ಷ ಲಂಡನ್ ಸರ್ಕಾರ ಗುಡ್ಡಗಾಡಿನ ಗಂಡಸರು ಕಿಲ್ಟ್ ಉಡಬಾರದು ಅಂತ ಕಾಯ್ದೆ ಮಾಡಿತು. ಮೊದಲ ಸಲ ಸಿಕ್ಕಿಬಿದ್ದರೆ 6 ತಿಂಗಳು ಜೈಲು. ಎರಡನೇ ಸಲ ಸಿಕ್ಕರೆ 7 ವರ್ಷ ಸಮುದ್ರದಾಚೆ ಗಡಿಪಾರು. ಸರ್ಕಾರದ ಸೈನ್ಯದಲ್ಲಿದ್ದವರಿಗೆ ಮಾತ್ರ ವಿನಾಯಿತಿ. ಕಾಯ್ದೆ ರದ್ದಾಗಿದ್ದು 1782ರ ಜುಲೈನಲ್ಲಿ.

ಆ ಹೊತ್ತಿಗೆ ಅಲ್ಲಿಯ ಕೆಲವರು ನಮ್ಮ ಶ್ರೀರಂಗಪಟ್ಟಣದ ಸೆರೆಯಲ್ಲಿದ್ದರು. 1780ರಲ್ಲಿ ಪೊಳ್ಳಿಲೂರಿನಲ್ಲಿ ಹೈದರಾಲಿಯ ಸೈನ್ಯ ಇಂಗ್ಲಿಷರನ್ನು ಸೋಲಿಸಿ ಹಿಡಿದು ತಂದಿತಲ್ಲ, ಅವರಲ್ಲಿ ಸ್ಕಾಟ್‌ಲೆಂಡಿನ ಗುಡ್ಡಗಾಡು ಪಡೆಯವರೂ ಇದ್ದರು. ಆ ಪಡೆಯನ್ನು ಕಟ್ಟಿದವನು ಮೆಕೆಂಜಿ ಮನೆತನದ ಲಾರ್ಡ್ ಮ್ಯಾಕ್‌ಲೌಡ್. ಪ್ರವಾಸಕ್ಕೆ ಹೋದಾಗ ನಾವೆಲ್ಲ ನೋಡಿ ಬರುವ ಬೈಲಿ ಬಂದೀಖಾನೆಗೆ ಹೆಸರು ಬಂದದ್ದು ಕರ್ನಲ್ ಬೈಲಿಯಿಂದ. ಅವನು ಇನ್ವರ್‌ನೆಸ್ ಸೀಮೆಯವನು. ಸೆರೆಯಲ್ಲೇ 1782ರ ನವೆಂಬರ್‌ನಲ್ಲಿ ತೀರಿಕೊಂಡ.

ಇದನ್ನೆಲ್ಲ ಭಾವನಿಗೆ ಹೇಳಿದೆವು. ಕೇಳಿದರು. "ಉಡಬ್ಯಾಡ ಅಂದ್ರ ಉಡಾಕಬೇಕು ಅನಸ್ತದ, ಅದು ಮನುಷ್ಯನ ಗುಣ" ಅಂದರು. ಆದರೆ ಬರುತ್ತೇನೆ ಅನ್ನಲಿಲ್ಲ.

ಅವರನ್ನು ಎಬ್ಬಿಸಿದ್ದು ಇತಿಹಾಸವಲ್ಲ, ಬಟ್ಟೆ. ಭಾವ ನಲವತ್ತು ವರ್ಷ ಇಳಕಲ್ ಸೀರೆ ನೇಯ್ದವರು. ಒಂದು ದಿನ ಹುಡುಗ ಬಟ್ಟೆಯ ತುಂಡಿನ ಫೋಟೋ ಕಳಿಸಿದ. ಕಡು ನೀಲಿ, ಹಸಿರು, ಕಪ್ಪು ಚೌಕಗಳು. ನಡುವೆ ಬಿಳಿಯ ಒಂದು ಗೆರೆ, ಕೆಂಪಿನ ಒಂದು ಗೆರೆ. ಭಾವ ಫೋನನ್ನು ಕಣ್ಣಿನ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿದರು. ಆಮೇಲೆ ಎಳೆ ಎಣಿಸಲು ಶುರು ಮಾಡಿದರು.

"ಹಾಸಿನ್ಯಾಗ ಇದ್ದ ಲೆಕ್ಕಾನೇ ಹೊಕ್ಕಿನ್ಯಾಗೂ ಐತಿ. ಒಂದು ಎಳಿ ತಪ್ಪಿದ್ರ ಚೌಕ ಕೂಡೂದಿಲ್ಲ. ನೇದಾಂವ ಹುಷಾರಿ ಅದಾನ" ಅಂದರು.

ಅವರ ಮಾತು ಖರೇನೇ. ಸ್ಕಾಟ್‌ಲೆಂಡಿನಲ್ಲಿ ಪ್ರತಿ ಚೌಕಳಿಗೂ ಎಳೆಗಳ ಲೆಕ್ಕ ಇರುತ್ತದೆ. ಯಾವ ಬಣ್ಣದ ಎಳೆ ಎಷ್ಟು, ಯಾವುದರ ಪಕ್ಕ ಯಾವುದು ಅಂತ ಬರೆದಿಡಲು ಸರ್ಕಾರವೇ 2009ರಿಂದ ಒಂದು ದಾಖಲೆ ಪುಸ್ತಕ ನಡೆಸುತ್ತಿದೆ. ಎರಡು ಬಣ್ಣದ ಎಳೆ ಅಡ್ಡ ಬಂದಲ್ಲಿ ಮೂರನೇ ಬಣ್ಣ ಕಾಣುವುದು ನೇಕಾರರಿಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿಂದ ಮುಂದೆ ರಾತ್ರಿ ಊಟ ಆದ ಮೇಲೆ ವಿಡಿಯೋ ಕಾಲ್. ಹುಡುಗನಿಗೆ ಸಂಭ್ರಮ ಜಾಸ್ತಿ. "ಮಾವಾ, ಅರಿಷಿಣ ಬಣ್ಣದ ಟೈ, ಕೆಂಪು ಕಾಲುಚೀಲ, ಕೇಸರಿ ರುಮಾಲು ಹಾಕ್ಕೊಂಡ್ರ ಹೆಂಗ? ಹಬ್ಬದಂಗ ಕಾಣ್ತದಲ್ಲ?" ಅಂದ. ನಾವು ಹಲ್ಲು ಕಚ್ಚಿ ನಗು ತಡೆದೆವು. ಭಾವ ಬಾಯಿ ಬಿಟ್ಟರು. "ಅದು ಹಬ್ಬ ಅಲ್ಲಲೇ, ಜಾತ್ರಿ ಅಂಗಡಿ. ಬಟ್ಟಿಯೊಳಗ ಐದು ಬಣ್ಣ ಅದಾವ. ಅದರಾಗ ಒಂದು ಹಿಡಿ, ಉಳಿದದ್ದು ಸುಮ್ಮನಿರಲಿ."

ಅಲ್ಲಿಯ ಅಂಗಡಿಯವರೂ ಇದನ್ನೇ ಹೇಳಿದ್ದರಂತೆ. ಹಬ್ಬ, ಮದುವೆಗೆ ಕಿಲ್ಟಿನ ಜೊತೆ ಹಾಕುವ ಸಾಮಾನು ಬಹಳ. ಅದನ್ನು ಹೊಂದಿಸುವ ದಾರಿ ಸರಳ.

ಬಣ್ಣ: ಚೌಕಳಿಯಲ್ಲಿ ಇರುವ ಬಣ್ಣಗಳಲ್ಲೇ ಒಂದನ್ನು ಆರಿಸಬೇಕು. ಕಾಲುಚೀಲವನ್ನು ಮೊಣಕಾಲಿನ ಕೆಳಗೆ ಮಡಚಿ, ಅದರಡಿಯಿಂದ ಸಣ್ಣ ಪಟ್ಟಿ ಇಳಿಬಿಡುತ್ತಾರೆ. ಅದಕ್ಕೆ ಫ್ಲ್ಯಾಶ್ ಅನ್ನುತ್ತಾರೆ. ಆರಿಸಿದ ಬಣ್ಣ ಅಲ್ಲಿ ಕಂಡರೆ ಸಾಕು.

ಲೋಹ: ಗುಂಡಿ, ಕಿಲ್ಟಿನ ಪಿನ್ನು, ಮುಂದೆ ತೂಗುವ ಸ್ಪೊರನ್ ಚೀಲದ ಸರಪಳಿ ಎಲ್ಲವೂ ಒಂದೇ ಥರ. ಬೆಳ್ಳಿ ಬಣ್ಣ ಅಂದರೆ ಎಲ್ಲವೂ ಬೆಳ್ಳಿ ಬಣ್ಣ.

ಚರ್ಮ: ಬೂಟು ಕಪ್ಪಾದರೆ ಸ್ಪೊರನ್ನೂ ಕಪ್ಪು. ಹಗಲಿಗೆ ಸಾದಾ ಚರ್ಮದ್ದು, ರಾತ್ರಿ ಸಮಾರಂಭಕ್ಕೆ ತುಪ್ಪಳದ್ದು. ಕಿಲ್ಟಿಗೆ ಜೇಬಿಲ್ಲ, ಹೀಗಾಗಿ ಆ ಚೀಲವೇ ಜೇಬು.

ಕೋಟು: ಹಗಲಿಗೆ ಆರ್ಗೈಲ್ ಅನ್ನುವ ಕೋಟು. ರಾತ್ರಿಗೆ ಪ್ರಿನ್ಸ್ ಚಾರ್ಲಿ ಅನ್ನುವ ಗಿಡ್ಡ ಕೋಟು, ಬೋ ಟೈ. ಒಳಗೆ ವೇಸ್ಟ್‌ಕೋಟು ಹಾಕಿದರೆ ಸೊಂಟಕ್ಕೆ ಬೆಲ್ಟು ಬೇಡ.

ಪಿನ್ನು: ಮೇಲಿನ ಸೆರಗಿಗೆ ಮಾತ್ರ ಚುಚ್ಚಬೇಕು. ಎರಡನ್ನೂ ಸೇರಿಸಿ ಚುಚ್ಚಿದರೆ ಬಟ್ಟೆ ಜಗ್ಗುತ್ತದೆ.

ಕಾಲುಚೀಲದಲ್ಲಿ ಸಿಕ್ಕಿಸುವ ಸಣ್ಣ ಚೂರಿಯ ಮಾತು ಬಂದಾಗ ಅಕ್ಕ ಹೆದರಿದಳು. ಭಾವ ನಕ್ಕರು. "ನಮ್ಮ ಮದಿಮಗಾ ಕೈಯಾಗ ನಿಂಬಿಹಣ್ಣು ಚುಚ್ಚಿದ ಕಟಾರಿ ಹಿಡಿಯೂದಿಲ್ಲೇನು? ಇವರು ಕಾಲಾಗ ಇಡ್ತಾರ." ಅದು ಸಾಂಪ್ರದಾಯಿಕ ಉಡುಗೆಯ ಭಾಗ ಅಂತ ಅಲ್ಲಿಯ ಕಾನೂನೂ ಒಪ್ಪುತ್ತದೆ.

ಯಾವ ಬಣ್ಣ ಹಿಡಿಯಬೇಕು ಅನ್ನುವುದು ಉಳಿದಿತ್ತು. ಹುಡುಗಿಯ ಕಡೆಯವರು ಹಸಿರು ಅಂದಿದ್ದರು. ಭಾವ ಎರಡು ದಿನ ಏನೂ ಹೇಳಲಿಲ್ಲ. ಮೂರನೇ ದಿನ ಪೆಟ್ಟಿಗೆಯಿಂದ ಅಕ್ಕನಿಗೆಂದು ತಾವೇ ನೇಯ್ದಿಟ್ಟಿದ್ದ ಸೀರೆ ತೆಗೆದರು. ಮೈ ಕಡು ನೀಲಿ, ಸೆರಗು ಕೆಂಪು, ಅದರಲ್ಲಿ ಬಿಳಿಯ ಟೋಪ ತೆನಿ. ಫೋನಿನ ಫೋಟೋ ಪಕ್ಕದಲ್ಲಿ ಇಟ್ಟು ತೋರಿಸಿದರು. ಆ ಬಟ್ಟೆಯ ನೀಲಿ ಇಲ್ಲಿದೆ, ಬಿಳಿ ಇಲ್ಲಿದೆ. ಕೆಂಪು ಮಾತ್ರ ಅಲ್ಲಿ ಗೆರೆಯಷ್ಟು, ಇಲ್ಲಿ ಸೆರಗಿನಷ್ಟು.

"ಪಟ್ಟಿ ಕೆಂಪು ಇರಲಿ ಅಂತ ಹೇಳು. ಟೈ ಕಪ್ಪು ಸಾಕು. ತಾಯಿ ಬಾಜೂಕ ನಿಂತಾಗ ಮಗಾ ಬ್ಯಾರೆ ಮನಿಯಾಂವ ಅನಸಬಾರದು" ಅಂದರು. ಅಷ್ಟೇ ಅಂದರು. ಬರುತ್ತೇನೆ ಅನ್ನಲೇ ಇಲ್ಲ, ಆದರೆ ಮರುದಿನ ಚಹಾ ಕುಡಿಯುತ್ತ ಅಲ್ಲಿ ಚಳಿ ಎಷ್ಟಿರುತ್ತದೆ ಅಂತ ಕೇಳಿದರು. ಅಕ್ಕ ಒಳಗೆ ಹೋಗಿ ಕಣ್ಣು ಒರೆಸಿಕೊಂಡಳು.

ಕಿಲ್ಟು, ಕೋಟು, ಬೂಟು ಎಲ್ಲ ಬಾಡಿಗೆಗೆ ತಂದಿದ್ದು. ಕೊಂಡರೆ ನೂರಾರು ಪೌಂಡ್ ಆಗುತ್ತದೆ. ಅಲ್ಲಿಯವರಲ್ಲೂ ಬಹಳ ಮಂದಿ ಮದುವೆಗೆ ಬಾಡಿಗೆಗೇ ತರುತ್ತಾರೆ, ಅದರಲ್ಲಿ ಮುಜುಗರ ಏನಿಲ್ಲ. ಕೆಂಪು ಪಟ್ಟಿಯೊಂದನ್ನೇ ಹುಡುಗ ಸ್ವಂತ ದುಡ್ಡಿನಲ್ಲಿ ಕೊಂಡ. ಕೇಸರಿ ರುಮಾಲು ದಂಡವಾಗಲಿಲ್ಲ. ಅದನ್ನು ಭಾವ ತಾವೇ ಒಯ್ದು ಹುಡುಗಿಯ ಅಜ್ಜನ ತಲೆಗೆ ಸುತ್ತಿದರು. ನಮ್ಮ ಕಡೆ ಬೀಗರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಯಾವುದಿದೆ? ಇದನ್ನೆಲ್ಲ ನಾವು ಇಲ್ಲಿಂದ ಫೋನಿನಲ್ಲೇ ನೋಡಿದೆವು. ನೆಟ್‌ವರ್ಕ್ ನಡುನಡುವೆ ಕೈ ಕೊಡುತ್ತಿತ್ತು.

ನಮಗೆ ತಿಳಿದದ್ದು ಇಷ್ಟು. ಬಣ್ಣ ಹೊಂದಿಸುವುದು ಅಂದರೆ ಎಲ್ಲರೂ ಒಂದೇ ಬಣ್ಣ ಹಾಕುವುದಲ್ಲ. ಒಬ್ಬರ ಬಟ್ಟೆಯಲ್ಲಿರುವ ಸಣ್ಣ ಗೆರೆಯನ್ನು ಇನ್ನೊಬ್ಬರು ಹುಡುಕಿ ಎತ್ತಿಕೊಳ್ಳುವುದು. ಹಾಗೆ ಹುಡುಕಬೇಕಾದರೆ ಮೊದಲು ಆ ಬಟ್ಟೆಯನ್ನು ಹತ್ತಿರದಿಂದ ನೋಡಬೇಕು. ಲಂಗ ಅಂತ ನಗುವವರು ಅದನ್ನು ನೋಡಿಯೇ ಇರುವುದಿಲ್ಲ.

ಫೋಟೋ ಊರಿಗೆ ಬಂತು. ಕಟ್ಟೆಯ ಮೇಲೆ ಕೂತವರು ನಕ್ಕರು ಕೂಡ. ಭಾವ ಸಿಟ್ಟಾಗಲಿಲ್ಲ. ಫೋನು ಅವರ ಕೈಗೆ ಕೊಟ್ಟು, "ನಗೂದಾದ್ರ ಆಮ್ಯಾಲೆ ನಗ್ರಿ. ಮೊದಲ ಎಳಿ ಎಣಸ್ರಿ" ಅಂದರು.