ಬಚ್ಚಲ ನೆಲದ ಬಿರುಕು

ಮನೆ ಕೊಳ್ಳಲು ಬಂದವರು ಹಾಲಿನಲ್ಲಿ ನಿಂತು ಗಾಳಿ ಬೆಳಕು ನೋಡುತ್ತಾರೆ, ದೇವರಕೋಣೆಯ ದಿಕ್ಕು ಕೇಳುತ್ತಾರೆ, ಅಡುಗೆಮನೆಯ ಕಪಾಟು ತೆರೆದು ಮುಚ್ಚುತ್ತಾರೆ. ಬಚ್ಚಲುಮನೆಗೆ ಮಾತ್ರ ಬಾಗಿಲಲ್ಲೇ ನಿಂತು ಒಂದು ಇಣುಕು. ಬೆಂಗಳೂರಿನಲ್ಲಿ ಹಳೆಯ ಫ್ಲ್ಯಾಟ್ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕಾದದ್ದು ಅಲ್ಲಿಯೇ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈಚೆಗೆ ಗೆಳೆಯರೊಬ್ಬರ ಜೊತೆ ನೋಡಿದ ಮನೆಯಲ್ಲಿ ಷವರಿನ ಕೆಳಗೆ ಮೂರು ಟೈಲ್ಸುಗಳನ್ನು ದಾಟಿ ಸಣ್ಣ ಬಿರುಕೊಂದು ಹೋಗಿತ್ತು. “ಬಕೆಟ್ ಬಿದ್ದಿತ್ತು ಸಾರ್, ಒಂದು ದಿನದ ಕೆಲಸ” ಎಂದರು ಬ್ರೋಕರ್. ಏನಾದರೂ ಬಿದ್ದು ಒಡೆದರೆ ಸಾಮಾನ್ಯವಾಗಿ ಒಂದು ಟೈಲಿಗೆ ಪೆಟ್ಟು. ಬಿದ್ದಲ್ಲಿ ಚಕ್ಕೆ ಎದ್ದು ಸುತ್ತ ಬಿರುಕು ಕವಲೊಡೆದಿರುತ್ತದೆ. ಸಂದುಗಳನ್ನೂ ಲೆಕ್ಕಿಸದೆ ಟೈಲಿನಿಂದ ಟೈಲಿಗೆ ನೇರ ಸಾಗಿದ್ದರೆ, ಅಡಿಯ ಗಾರೆ ಕುಸಿದಿದೆ ಅಥವಾ ಬಿರಿದಿದೆ ಎಂದೇ ಮೊದಲು ಅನುಮಾನಿಸಬೇಕು.

ನಮ್ಮ ಬಹುತೇಕ ಫ್ಲ್ಯಾಟುಗಳಲ್ಲಿ ಬಚ್ಚಲಿನ ಸ್ಲ್ಯಾಬನ್ನು ಉಳಿದ ನೆಲಕ್ಕಿಂತ ತಗ್ಗಿಸಿ ಹಾಕಿರುತ್ತಾರೆ. ಆ ಹಳ್ಳದಲ್ಲಿ ಪೈಪು ಕೂರಿಸಿ, ಇಟ್ಟಿಗೆ ಚೂರು ತುಂಬಿ, ಗಾರೆಯಲ್ಲಿ ವಾಟ ಕೊಟ್ಟು ಟೈಲ್ಸು ಹಾಸುವುದು ವಾಡಿಕೆ. ನೀರನ್ನು ತಡೆಯುವುದು ಟೈಲ್ಸೆಂದು ಜನ ತಿಳಿದಿದ್ದಾರೆ. ಆದರೆ ಟೈಲ್ಸಿನ ಸಂದುಗಳಿಗೆ ತುಂಬುವ ಸಿಮೆಂಟು ನೀರು ಕುಡಿಯುತ್ತದೆ. ತಡೆಯುವ ಹೊಣೆ ಕೆಳಗೆ ಬಳಿದ ವಾಟರ್‌ಪ್ರೂಫಿಂಗ್ ಪದರದ್ದು. ಆ ಪದರ ಗಟ್ಟಿಯಿದ್ದರೆ ಬಿರುಕಿನಲ್ಲಿ ಇಳಿದ ನೀರು ಹಳ್ಳದಲ್ಲಿ ತೊಟ್ಟಿಯಂತೆ ನಿಲ್ಲುತ್ತದೆ. ಹರಿದಿದ್ದರೆ ಸ್ಲ್ಯಾಬಿಗೆ ಇಳಿದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನೇ ಒಡೆದು ಉದುರಿಸುತ್ತದೆ.

ಅದು ಉದುರುವುದು ಇನ್ನೊಬ್ಬರ ತಲೆಯ ಮೇಲೆ. ಹಾಗಾಗಿ ಬಿರುಕಿನ ನಿಜ ತಿಳಿಯಲು ಒಂದು ಮಹಡಿ ಇಳಿಯಬೇಕು. ನಾವು ಇಳಿದೆವು. ಕೆಳಗಿನ ಮನೆಯಾಕೆ ಕಾಯುತ್ತಿದ್ದವರ ಹಾಗೆ ಬಾಗಿಲು ತೆರೆದು, ಬಚ್ಚಲಿನ ಸೂರು ತೋರಿಸಿದರು: ಹಳದಿ ಕಲೆ, ಬಿಳಿ ಉಪ್ಪು, ಎದ್ದ ಬಣ್ಣದ ಹೊಪ್ಪಳ. ಎಷ್ಟು ಸಲ ಹೇಳಿದರೂ ಮೇಲಿನವರು ಕಿವಿಗೆ ಹಾಕಿಕೊಂಡಿರಲಿಲ್ಲ. ಮನೆ ಕೊಂಡರೆ ಆ ಜಗಳವೂ ನಮ್ಮದಾಗುತ್ತಿತ್ತು. ಆಕೆಯ ಕಷ್ಟ ಕೇಳಿ ನನಗೆ ಬೆಲೆಯ ಯೋಚನೆಗಿಂತ ಮೊದಲು ಸಂಕಟವಾಯಿತು.

ಉಳಿದ ಪರೀಕ್ಷೆಗಳು ಸುಲಭ. ನಾಣ್ಯದಿಂದ ಟೈಲ್ಸು ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಹಿಡಿದಿಲ್ಲ. ಒಂದು ಬಕೆಟ್ ನೀರು ಸುರಿದು, ಜಾಲರಿಯತ್ತ ಹರಿಯುತ್ತದೋ ಬಿರುಕಿನ ಬಳಿ ನಿಲ್ಲುತ್ತದೋ ನೋಡಿ. ಜಾಲರಿ ಮುಚ್ಚಿ 24 ಗಂಟೆ ನೀರು ನಿಲ್ಲಿಸಿ ನೋಡುವುದೂ ಉಂಟು. ಮನೆಯ ಒಡೆಯರನ್ನು ಮಾತ್ರವಲ್ಲ, ಕೆಳಗಿನವರನ್ನೂ ಕೇಳಿಯೇ ಅದನ್ನು ಮಾಡಬೇಕು.

ಕಾನೂನಿನ ಮಾತೂ ಇದೆ. ರೇರಾ ಕಾಯ್ದೆಯಡಿ ಬಿಲ್ಡರನ ಹೊಣೆ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷ. ಹಳೆಯ ಮನೆಗೆ ಅದು ಮುಗಿದಿರುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮು ಮಾರುವವನು ದೋಷ ತಿಳಿಸಬೇಕೆನ್ನುತ್ತದೆ, ಆದರೆ ಸಾಮಾನ್ಯ ಎಚ್ಚರದಿಂದ ಕೊಳ್ಳುವವನಿಗೇ ಕಾಣುವಂಥದ್ದನ್ನಲ್ಲ. ಕಣ್ಣಿಗೆ ಕಾಣುವ ಬಿರುಕಿನ ಬಗ್ಗೆ ಆಮೇಲೆ ದೂರುವುದು ಕಷ್ಟ. ಏನಿದ್ದರೂ ಅಗ್ರಿಮೆಂಟಿಗೆ ಮೊದಲು ಕೇಳಿ, ಬರೆಸಿಕೊಳ್ಳಬೇಕು.

ಸೂರು ಒಣಗಿದ್ದು ನೆಲ ಗಟ್ಟಿ ಸದ್ದು ಕೊಟ್ಟರೆ ಬಿರುಕಿಗೆ ಹೆದರಿ ಒಳ್ಳೆಯ ಮನೆ ಬಿಡಬೇಡಿ. ಸೂರು ಒದ್ದೆಯಿದ್ದರೆ ಒಂದೆರಡು ಟೈಲಿನ ಲೆಕ್ಕ ಒಪ್ಪದೆ, ಇಡೀ ಬಚ್ಚಲನ್ನು ಅಗೆದು ಹೊಸದಾಗಿ ಕಟ್ಟುವ ಖರ್ಚನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ, ಕೊಂಡ ಮೇಲೆ ಆ ಕೆಲಸವನ್ನೇ ಮೊದಲು ಮಾಡಿಸಿ. ಅಡ್ವಾನ್ಸ್ ಕೊಡುವ ಮುನ್ನ ಒಂದು ಸಲ ಕೆಳಗಿನ ಮನೆಯ ಬೆಲ್ ಒತ್ತಿ.