ಉತ್ತರ ಬರದೇ ಗಾಡಿ ಬಿಡೋದಿಲ್ಲ

ಡಿಸ್ನಿ ವರ್ಲ್ಡ್‌ಗೆ ಹೋಗೋ ಪ್ಲಾನ್ ಹಾಕ್ತಿದ್ದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಅಷ್ಟು ಮಂದ್ಯಾಗ ಒಬ್ಬರಿಗೊಬ್ಬರು ತಪ್ಪಿದ್ರ ಹೆಂಗವಾ?"

"ಫೋನ್ ಐತಲ್ಲಪ್ಪಾ" ಅಂದೆ.

"ನನ್ನ ಫೋನಿನ್ಯಾಗ ಇಲ್ಲೀ ಸಿಮ್ ಇಲ್ಲ. ನಿಮ್ಮ ಮನಿ ವೈಫೈ ದಾಟಿದ್ರ ಅದು ಬರೇ ಗಡಿಯಾರ. ಎರಡು ವಾಕಿಟಾಕಿ ತಗೋ."

ನಾನು ನಕ್ಕುಬಿಟ್ಟೆ. 2023ರ ಡಿಸೆಂಬರ್ ಅದು. ಕೈಯಲ್ಲಿ ಸ್ಮಾರ್ಟ್‌ಫೋನ್ ಇಟ್ಕೊಂಡು ಯಾರು ವಾಕಿಟಾಕಿ ಹಿಡಿದು ಓಡಾಡ್ತಾರೆ?

ಅಪ್ಪ ಹುಬ್ಬಳ್ಳಿಯಲ್ಲಿ ರೈಲ್ವೆ ಗಾರ್ಡ್ ಆಗಿದ್ದವರು. 2022ರಿಂದ ಆ ಹುದ್ದೆಗೆ ಟ್ರೇನ್ ಮ್ಯಾನೇಜರ್ ಅಂತ ಹೆಸರು ಬದಲಾಗಿದೆ, ಆದ್ರೆ ಅಪ್ಪ ರಿಟೈರ್ ಆಗಿದ್ದು ಗಾರ್ಡ್ ಆಗಿಯೇ. ಹೆಚ್ಚಿನ ವರ್ಷ ಗೂಡ್ಸ್ ಗಾಡಿ. 58 ವ್ಯಾಗನ್‌ಗಳ ಗಾಡಿ ಅಂದ್ರೆ ಅರ್ಧ ಕಿಲೋಮೀಟರಿಗೂ ಉದ್ದ. ಆ ತುದಿಗೆ ಎಂಜಿನ್‌ನಲ್ಲಿ ಡ್ರೈವರ್, ಈ ತುದಿಗೆ ಬ್ರೇಕ್ ವ್ಯಾನಿನಲ್ಲಿ ಅಪ್ಪ ಒಬ್ಬರೇ. ಒಬ್ಬರ ಮುಖ ಒಬ್ಬರಿಗೆ ಕಾಣೋದಿಲ್ಲ. ಹಗಲು ಹಸಿರು ಬಾವುಟ, ರಾತ್ರಿ ಹಸಿರು ದೀಪ, ಆಮೇಲಾಮೇಲೆ ವಾಕಿಟಾಕಿ. ಇವರು "ಆಲ್ ರೈಟ್" ಅಂದ್ರೆ ಅವರೂ "ಆಲ್ ರೈಟ್" ಅನ್ನಬೇಕು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಾಟಿನ ಕಥೆಗಳನ್ನ ನಾನು ಚಿಕ್ಕವಳಿದ್ದಾಗಿಂದ ಕೇಳಿದ್ದೀನಿ. 37 ಅಡಿ ಮುಂದೆ ಹೋದ್ರೆ 1 ಅಡಿ ಇಳಿಜಾರು, ಸಾಲು ಸಾಲು ಸುರಂಗ, ಸುರಂಗದೊಳಗೆ ಹೋದ ಕೂಡಲೇ ಸೆಟ್ ಮೂಕ.

ಅಂಥ ಮನುಷ್ಯ ಅಟ್ಲಾಂಟಾದ ನಮ್ಮ ಮನೆಗೆ ಬಂದು ಎರಡು ತಿಂಗಳಾಗಿತ್ತು. ಎಲ್ಲದಕ್ಕೂ ನಮ್ಮನ್ನೇ ಕೇಳಬೇಕು. ಬಿಸಿನೀರಿನ ನಲ್ಲಿ ಯಾವ ಕಡೆ ತಿರುಗಿಸೋದು, ಕಸ ಯಾವ ಡಬ್ಬಿಗೆ ಹಾಕೋದು, ಬಾಗಿಲು ತೆಗೆದರೆ ಅಲಾರಂ ಹೊಡ್ಕೊಳ್ಳುತ್ತಾ ಅಂತ. ಹಾಲು ತರೋಕೂ ಕಾರು ಬೇಕು. ಹುಬ್ಬಳ್ಳಿಯಲ್ಲಿ ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಿ ಬರುತ್ತಿದ್ದವರು ಇಲ್ಲಿ ಕಿಟಕಿ ಪಕ್ಕ ಕೂತು ಪಕ್ಕದ ಮನೆ ನಾಯಿ ನೋಡ್ತಿದ್ರು. ಅದನ್ನ ನೋಡೀನೂ ನಾನು ನೋಡದ ಹಾಗೆ ಇದ್ದೆ, ಆಫೀಸಿನ ಮೀಟಿಂಗುಗಳ ಮಧ್ಯೆ.

ನನ್ನ ಗಂಡ ಮಾತ್ರ "ಮಾವ ಹೇಳೋದು ಸರಿ ಇದೆ" ಅಂತ ಅಂಗಡಿಗೆ ಕರ್ಕೊಂಡು ಹೋದ್ರು.

ಪೆಟ್ಟಿಗೆ ಮೇಲೆ ದೊಡ್ಡದಾಗಿ "35 ಮೈಲಿ" ಅಂತಿತ್ತು. ಅಪ್ಪ ಓದಿ ನಕ್ಕರು. "ಬೆಟ್ಟದ ತುದಿಗೆ ಇಬ್ಬರು ನಿಂತು, ನಡುವ ಏನೂ ಇರದಿದ್ರ ಆದೀತು. ಕಟ್ಟಡ ಇದ್ದಲ್ಲಿ ಅರ್ಧ ಮೈಲಿ ಸಿಕ್ಕರ ದೊಡ್ಡದು." ಅಮೆರಿಕದಲ್ಲಿ ಮನೆಮಂದಿ ಬಳಸೋ ಈ ಸಣ್ಣ ಸೆಟ್‌ಗಳಿಗೆ 1996ರಿಂದಲೇ ಲೈಸೆನ್ಸ್ ಬೇಕಿಲ್ಲ. ಒಟ್ಟು 22 ಚಾನೆಲ್. ಅಪ್ಪ ಕನ್ನಡಕ ಹಾಕ್ಕೊಂಡು ಮ್ಯಾನುಯಲ್ ಪೂರ್ತಿ ಓದಿದ್ರು. ನಮ್ಮ ಮನೆಯಲ್ಲಿ ಯಾವ ವಸ್ತುವಿನ ಮ್ಯಾನುಯಲ್ಲನ್ನೂ ಯಾರೂ ಓದಿದ್ದಿಲ್ಲ. "8ರಿಂದ 14ರ ತನಕ ಬ್ಯಾಡ, ಅವು ಅರ್ಧ ವಾಟ್. ಉಳಿದವು 2 ವಾಟ್. ನಾವು 17ಕ್ಕ ಇರೂಣು" ಅಂತ ತೀರ್ಮಾನ ಆಯ್ತು. ಪ್ರೈವಸಿ ಕೋಡ್ ಅನ್ನೋದು ಹೆಸರಿಗಷ್ಟೇ ಪ್ರೈವಸಿ ಅಂತಲೂ ಅವರೇ ಹೇಳಿದ್ದು. ಬೇರೆಯವರ ಮಾತು ನಮಗೆ ಕೇಳಿಸದ ಹಾಗೆ ಮಾಡುತ್ತೆ, ಅಷ್ಟೇ. ನಮ್ಮ ಮಾತನ್ನ ಆ ಚಾನೆಲ್‌ನಲ್ಲಿರೋ ಯಾರು ಬೇಕಾದ್ರೂ ಕೇಳಬಹುದು. ಹಾಗಾಗಿ ರೂಮ್ ನಂಬರ್, ಮಗುವಿನ ಪೂರ್ತಿ ಹೆಸರು ಅದರಲ್ಲಿ ಹೇಳಬಾರದು.

ಒರ್ಲಾಂಡೋಗೆ ಏಳು ಗಂಟೆ ಡ್ರೈವ್. ದಾರಿಯುದ್ದಕ್ಕೂ ಏಳು ವರ್ಷದ ನನ್ನ ಮಗನಿಗೆ ಪಾಠ. ಗುಂಡಿ ಒತ್ತು, ಒಂದು ಸೆಕೆಂಡ್ ತಡಿ, ಆಮೇಲೆ ಮಾತಾಡು. ಇಲ್ಲಾಂದ್ರೆ ಮೊದಲ ಶಬ್ದ ಕಟ್ ಆಗುತ್ತೆ. ಯಾರನ್ನ ಕರೀತೀಯೋ ಅವರ ಹೆಸರು ಮೊದಲು, ನಿನ್ನ ಹೆಸರು ಆಮೇಲೆ. ಮುಗಿದ ಮೇಲೆ "ಓವರ್". ಒಬ್ಬರು ಗುಂಡಿ ಒತ್ತಿರೋವಾಗ ಇನ್ನೊಬ್ಬರ ಮಾತು ಬರೋದಿಲ್ಲ, ಹಾಗಾಗಿ ಬಾಯಿ ಮುಚ್ಚಿ ಕೇಳು. ಕೊನೆಗೆ ಎರಡು ನಿಯಮ. ಗಂಟೆಗೊಮ್ಮೆ "ಆಲ್ ರೈಟ್" ಹೇಳಬೇಕು. ಅರ್ಧ ಗಂಟೆ ಉತ್ತರ ಬರದಿದ್ರೆ ಯಾರೂ ಯಾರನ್ನೂ ಹುಡುಕ್ಕೊಂಡು ತಿರುಗಬಾರದು, ಎಲ್ಲರೂ ಒಂದೇ ಕಡೆ ಬಂದು ಸೇರಬೇಕು.

ಆ ಜಾಗವನ್ನ ಅಪ್ಪನೇ ಆರಿಸಿದ್ರು. ಮ್ಯಾಜಿಕ್ ಕಿಂಗ್‌ಡಮ್ ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಸಿಗೋದು ಒಂದು ರೈಲ್ವೆ ಸ್ಟೇಷನ್. ಆಟಿಕೆ ರೈಲಲ್ಲ, ನಿಜವಾದ ಉಗಿಬಂಡಿ. ನಾಲ್ಕು ಎಂಜಿನ್, ನಾಲ್ಕೂ ಬಾಲ್ಡ್‌ವಿನ್ ಕಂಪನಿಯವು, 1916ರಿಂದ 1928ರ ನಡುವೆ ತಯಾರಾದವು. ಒಂದು ಕಾಲದಲ್ಲಿ ಮೆಕ್ಸಿಕೋದ ಯುಕಾತಾನ್‌ನಲ್ಲಿ ಓಡ್ತಿದ್ದವಂತೆ. ಮೂರಡಿ ಗೇಜ್, ಪಾರ್ಕಿನ ಸುತ್ತ ಒಂದೂವರೆ ಮೈಲಿ. ಕೋಟೆ, ಮಿಕ್ಕಿ ಮೌಸ್ ಯಾವುದನ್ನೂ ಅಪ್ಪ ತಲೆ ಎತ್ತಿ ನೋಡಲಿಲ್ಲ. ಸೀಟಿ ಕೇಳಿ ಅಲ್ಲೇ ನಿಂತ್ರು. "ಏನರ ಆದ್ರ ಈ ಸ್ಟೇಶನ್‌ಗೆ ಬರ್ರಿ. ಮೊದಲು ಹುಡುಗನ ಆಟ ಮುಗೀಲಿ, ಸಂಜೀಗೆ ನಾ ಇದರಾಗ ಒಂದ್ ರೌಂಡ್ ಹೊಡೀತೀನಿ" ಅಂದ್ರು.

ಬೆಳಗ್ಗೆಯೆಲ್ಲ ವಾಕಿಟಾಕಿ ಬಂಗಾರದಂಥ ಕೆಲಸ ಮಾಡಿತು. ಕ್ರಿಸ್‌ಮಸ್ ವಾರ, ಕಾಲಿಡೋಕೂ ಜಾಗ ಇಲ್ಲ. ಟಿಕೆಟ್ಟು, ಕ್ಯೂ ಎಷ್ಟಿದೆ ಅಂತ ನೋಡೋದು, ಊಟದ ಆರ್ಡರು, ಫೋಟೋ ಎಲ್ಲ ಫೋನಿನಲ್ಲೇ. ಮಧ್ಯಾಹ್ನಕ್ಕೆ ನನ್ನ ಬ್ಯಾಟರಿ ಕೆಂಪಾಗಿತ್ತು. ಸ್ಪೇಸ್ ಮೌಂಟನ್‌ಗೆ ಕನಿಷ್ಠ 44 ಇಂಚು ಎತ್ತರ ಬೇಕು, ಮಗ ಪಾಸಾದ. ನಾವು ಮೂರು ಜನ ಒಳಗೆ, ಅಪ್ಪ ಅವ್ವ ಹೊರಗೆ ಬೆಂಚಿನ ಮೇಲೆ. ಹೊರಗೆ ಬಂದು ಗುಂಡಿ ಒತ್ತಿದ್ರೆ ಸಾಕು, "ನೀಲಿ ಛತ್ರಿ ಕೆಳಗ ಅದೀವಿ, ಓವರ್" ಅಂತ ಬರ್ತಿತ್ತು. ಒಮ್ಮೆ ನಮ್ಮ ಚಾನೆಲ್‌ಗೆ ಸ್ಪ್ಯಾನಿಷ್ ಮಾತಾಡೋ ಒಂದು ಕುಟುಂಬ ಬಂತು. ಅಪ್ಪ ಗಾಬರಿಯಾಗದೆ "ಎಲ್ಲಾರೂ 19ಕ್ಕ ಬರ್ರಿ, ಓವರ್" ಅಂದ್ರು. ಎರಡು ತಿಂಗಳಲ್ಲಿ ಮೊದಲ ಸಲ ಅಪ್ಪ ನಮಗೆ ಆರ್ಡರ್ ಮಾಡ್ತಿದ್ರು. ದನಿಯಲ್ಲಿ ಹಳೇ ಖದರು.

ಮೂರೂವರೆ ಹೊತ್ತಿಗೆ ಅವರ ಮೊಣಕಾಲು ಹಿಡ್ಕೊಂಡಿತು. "ನಾ ಸ್ಟೇಶನ್ನಿನ್ಯಾಗ ಕೂಡ್ತೀನಿ, ನೀವು ಹೋಗ್ರಿ" ಅಂದ್ರು. ಅವ್ವ ನಮ್ಮ ಜೊತೆ ಬಂದ್ಲು. ಅವಳಿಗೆ ದೋಣಿಯಲ್ಲಿ ಕೂತು ಗೊಂಬೆ ನೋಡೋ ರೈಡ್ ಎಷ್ಟು ಇಷ್ಟವಾಗಿತ್ತಂದ್ರೆ, ಎರಡನೇ ಸಲ ಹೋಗೋ ತಯಾರಿಯಲ್ಲಿದ್ಲು.

ಪೀಟರ್ ಪ್ಯಾನ್ ರೈಡಿನ ಕ್ಯೂನಲ್ಲಿ ನಿಂತಿದ್ವಿ. ಉದ್ದದ ಕ್ಯೂ, ಎಲ್ಲರೂ ಸುಮ್ಮನೆ ಫೋನ್ ನೋಡ್ತಿದ್ದಾರೆ. ನಾಲ್ಕು ಗಂಟೆಗೆ ಸರಿಯಾಗಿ ನನ್ನ ಸೊಂಟದ ಮೇಲಿಂದ ಜೋರಾಗಿ: "ಏ ಯವ್ವಾ, ಎಲ್ಲಾರೂ ಉಂಡ್ರಿಲ್ಲೋ? ಹುಡುಗಗ ನೀರು ಕುಡಸು. ಓವರ್!"

ಹತ್ತಾರು ತಲೆ ತಿರುಗಿದವು. ಮುಂದಿದ್ದ ಹುಡುಗಿಯರಿಬ್ಬರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನಗೆ ಮುಖ ಬಿಸಿಯಾಯ್ತು. "ಆಲ್ ರೈಟ್ ಅಪ್ಪಾ" ಅಂತ ಪಿಸುಗುಟ್ಟಿ, ವಾಲ್ಯೂಮ್ ಗುಂಡಿಯನ್ನ ಕೆಳಕ್ಕೆ ತಿರುಗಿಸಿದೆ. ರೈಡ್ ಮುಗಿದ ಮೇಲೆ ಮತ್ತೆ ಏರಿಸಿದರಾಯ್ತು ಅಂದ್ಕೊಂಡೆ. ಏರಿಸಲಿಲ್ಲ.

ರೈಡ್ ಆಯ್ತು, ಅವ್ವನ ದೋಣಿ ಆಯ್ತು, ಮಗನಿಗೆ ಐಸ್‌ಕ್ರೀಂ ಆಯ್ತು. ಐದು ಗಂಟೆಯ "ಆಲ್ ರೈಟ್" ನನ್ನ ನೆನಪಿಗೇ ಬರಲಿಲ್ಲ. ಕತ್ತಲಾಗಿ, ಕೋಟೆಗೆ ದೀಪ ಹತ್ತಿತ್ತು. ಆರು ದಾಟಿದ ಮೇಲೆ ಅವ್ವ, "ನಿಮ್ಮಪ್ಪ ಇಷ್ಟೊತ್ತು ಸುಮ್ಮನಿರೂ ಮನಷ್ಯಾ ಅಲ್ಲ" ಅಂದ್ಲು. ಸೆಟ್ ತೆಗೆದು ನೋಡಿದೆ. ವಾಲ್ಯೂಮ್ ಸೊನ್ನೆಯಲ್ಲಿತ್ತು.

ಎದೆ ಧಸಕ್ಕಂತು. ಅಪ್ಪನಿಗೆ ಎಪ್ಪತ್ತೊಂದು ವರ್ಷ, ಶುಗರ್ ಇದೆ. ಏರಿಸಿ ಕರೆದೆ. "ಅಪ್ಪಾ, ಅಪ್ಪಾ, ನಾನು."

ಉತ್ತರ ತಕ್ಷಣ ಬಂತು, ಗುಂಡಿ ಮೇಲೆ ಬೆರಳಿಟ್ಟೇ ಕೂತಿದ್ದವರ ಹಾಗೆ. "ಎಲ್ಲಾರೂ ಆಲ್ ರೈಟ್ ಅದೀರಿಲ್ಲೋ? ಓವರ್."

"ಆಲ್ ರೈಟ್ ಅಪ್ಪಾ. ಓವರ್."

ಒಂದು ಕ್ಷಣ ಏನೂ ಇಲ್ಲ. ಆಮೇಲೆ, "ಹಂಗಾರ ಆತು. ನಾ ಇಲ್ಲೇ ಅದೀನಿ."

ಜನರನ್ನ ಸೀಳ್ಕೊಂಡು ಸ್ಟೇಷನ್ ಮುಟ್ಟೋಕೆ ಇಪ್ಪತ್ತು ನಿಮಿಷ ಬೇಕಾಯ್ತು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅಪ್ಪ ನೆಟ್ಟಗೆ ಕೂತಿದ್ರು, ತೊಡೆ ಮೇಲೆ ವಾಕಿಟಾಕಿ. ಹಳಿ ಖಾಲಿ. ಅವತ್ತಿನ ರೈಲು ಮುಗಿದಿತ್ತು.

"ರೌಂಡ್ ಹೊಡದ್ರೇನಪ್ಪಾ?"

"ಇಲ್ಲವಾ. ನಾಲ್ಕೂವರಿಗೆ ಹತ್ತೂಣು ಅಂತ ನಿನಗ ಕರದೆ. ಉತ್ತರ ಬರಲಿಲ್ಲ. ಆ ಗಾಡಿ ಬಿಟ್ಟೆ. ಮುಂದಿಂದಕ್ಕ ಮತ್ತ ಕರದೆ."

"ಹತ್ತಬೇಕಿತ್ತಲ್ಲ, ಇಪ್ಪತ್ತು ನಿಮಿಷದ ಮಾತು!"

"ಅರ್ಧ ತಾಸು ಉತ್ತರ ಬರದಿದ್ರ ಎಲ್ಲಾರೂ ಇಲ್ಲೇ ಬರಬೇಕು ಅಂತ ನಾನ ಹೇಳೀನಿ. ನಾ ಗಾಡ್ಯಾಗ ಹೋಗಿ, ಆಗ ನೀವು ಗಾಬರಿಯಾಗಿ ಇಲ್ಲಿ ಬಂದ್ರ? ಯಾರೂ ಇರೂದಿಲ್ಲಲ್ಲ."

ಮಗ ಕೇಳಿದ. "ಅಜ್ಜ, ಎಷ್ಟು ಟ್ರೇನ್ ಹೋದ್ವು?"

"ಹನ್ನೊಂದು" ಅಂದ್ರು ಅಪ್ಪ. ಎಣಿಸಿದ್ರು. ಯಾವ ಎಂಜಿನ್ ಎಷ್ಟು ಸಲ ಬಂತು ಅನ್ನೋದೂ ಗೊತ್ತಿತ್ತು.

ವಾಲ್ಯೂಮ್ ಯಾಕೆ ಇಳಿಸಿದೆ ಅಂತ ನಾನು ಹೇಳಲಿಲ್ಲ. "ಗೊತ್ತಾಗದೆ ತಿರುಗಿಬಿಟ್ಟಿತ್ತು" ಅಂದೆ. ಅಪ್ಪ ಸೆಟ್ ಇಸ್ಕೊಂಡು, ಆ ಗುಂಡಿಯನ್ನ ಹಿಂದೆ ಮುಂದೆ ತಿರುಗಿಸಿ ನೋಡಿದ್ರು. ಅದು ಬಿಗಿಯಾಗಿತ್ತು, ತಾನಾಗೇ ತಿರುಗೋ ಹಾಗಿರಲಿಲ್ಲ. ಏನೂ ಅನ್ನದೆ ವಾಪಸ್ ಕೊಟ್ರು.

ಟಿಕೆಟ್ ಒಂದೇ ದಿನದ್ದು. ಒಬ್ಬೊಬ್ಬರಿಗೆ 150 ಡಾಲರ್‌ಗೂ ಹೆಚ್ಚು ಬಿದ್ದಿತ್ತು. ಮರುದಿನ ಮತ್ತೆ ಹೋಗೋಣ ಅಂದಾಗ ಅಪ್ಪ "ರೊಕ್ಕ ಹೆಚ್ಚಾಗೇತೇನ?" ಅಂತ ಸುಮ್ಮನಾಗಿಸಿದ್ರು. ಜನವರಿಯಲ್ಲಿ ಇಬ್ಬರೂ ಹುಬ್ಬಳ್ಳಿಗೆ ವಾಪಸಾದ್ರು.

ಮುಂದಿನ ವರ್ಷ ಊರಿಗೆ ಹೊರಟಾಗ ಆ ಎರಡು ಸೆಟ್ ಸೂಟ್‌ಕೇಸಿಗೆ ಹಾಕ್ತಿದ್ದೆ. ಜಾತ್ರೆ, ಮದುವೆ ಅಂತ ಬಳಸಬಹುದಲ್ಲ ಅಂತ. ಅಪ್ಪ ಫೋನಿನಲ್ಲೇ ತಡೆದ್ರು. ಅಮೆರಿಕದ ಸೆಟ್ಟು ಕೆಲಸ ಮಾಡೋದು 462 ಮತ್ತು 467 ಮೆಗಾಹರ್ಟ್ಜ್‌ನಲ್ಲಿ. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ವಾಕಿಟಾಕಿ ಬಳಸೋಕೆ ಬಿಟ್ಟಿರೋದು 446.0ರಿಂದ 446.2 ಮೆಗಾಹರ್ಟ್ಜ್, ಅದೂ ಕಡಿಮೆ ಪವರಿನದು. ಆನ್‌ಲೈನ್‌ನಲ್ಲಿ ಕಂಡಿದ್ದನ್ನೆಲ್ಲ ತಗೊಳ್ಳೋ ಹಾಗೂ ಇಲ್ಲ. ಇಂಥ ಮಾರಾಟದ ಮೇಲೆ 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಮಾರ್ಗಸೂಚಿಯನ್ನೇ ತಂದಿದೆ. ಊರಲ್ಲಿ ಪಾರ್ಕು, ಪ್ರವಾಸ ಅಂತ ಕೊಳ್ಳೋರಿದ್ರೆ ಫ್ರೀಕ್ವೆನ್ಸಿ ನೋಡಿ ಕೊಳ್ಳಿ. ಸೆಟ್ ಇಲ್ಲದಿದ್ರೂ ಅಪ್ಪನ ನಿಯಮ ನಡೆಯುತ್ತೆ. ಸೇರೋ ಜಾಗ ಒಂದು, ಗಂಟೆಗೊಮ್ಮೆ ಉತ್ತರ.

ಆ ಸೆಟ್‌ಗಳು ಈಗ ನಮ್ಮ ಅಡುಗೆಮನೆಯ ಡ್ರಾವರಿನಲ್ಲಿವೆ. ನನ್ನಲ್ಲಿ ಬದಲಾದದ್ದು ಒಂದು. ಅಪ್ಪ ದಿನಾ ವಾಟ್ಸಾಪ್‌ನಲ್ಲಿ ಏನಾದ್ರೂ ಕಳಿಸ್ತಾರೆ. ಮಳೆ ಬಂತು, ಅವ್ವ ದವಾಖಾನಿಗೆ ಹೋಗಿ ಬಂದ್ಲು, ಹಿತ್ತಲ ಮಾವು ಹೂ ಬಿಟ್ಟೈತಿ ಅಂತ. ಮೊದಲೆಲ್ಲ ಓದಿ, ಸಂಜೆ ಫೋನ್ ಮಾಡಿದಾಗ ಮಾತಾಡೋಣ ಅಂತ ಬಿಡ್ತಿದ್ದೆ. ನೀಲಿ ಟಿಕ್ ಬಿದ್ದಿದೆಯಲ್ಲ, ಅಷ್ಟೇ ಸಾಕು ಅಂದ್ಕೊಳ್ತಿದ್ದೆ. ಈಗ ಮೀಟಿಂಗಿನಲ್ಲಿದ್ರೂ, ಪಕ್ಕದಲ್ಲಿ ಯಾರಿದ್ರೂ, ಎರಡು ಶಬ್ದ ಟೈಪ್ ಮಾಡಿ ಕಳಿಸ್ತೀನಿ.

ಮುಂದಿನ ಡಿಸೆಂಬರ್‌ಗೆ ಇಬ್ಬರೂ ಮತ್ತೆ ಬರ್ತಿದ್ದಾರೆ. ಟಿಕೆಟ್ ಕಳಿಸಿ, "ಈ ಸಲ ಗೇಟಿನೊಳಗೆ ಹೋದ ಕೂಡ್ಲೇ ಮೊದಲು ರೈಲು, ನಾವೂ ನಿಮ್ಮ ಜೊತೆ" ಅಂತ ಬರೆದೆ. ಜೊತೆಗೇ, ಆವತ್ತು ವಾಲ್ಯೂಮ್ ನಾನೇ ಇಳಿಸಿದ್ದು ಅಂತಲೂ ಬರೆದೆ.

ಐದು ನಿಮಿಷ ಕಳೀತು. ಆಮೇಲೆ ಉತ್ತರ ಬಂತು.

"ಗೊತ್ತೈತವಾ. ಆಲ್ ರೈಟ್."